ಬೆನ್ನಿನ ಡೊಂಕು ಮತ್ತು ಮೂರು ಆಯಾಮದ ಕಣ್ಣು

ಮೊದಲು ಕಂಡವನು ದರ್ಜಿ. 2022ರ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವಕ್ಕೆಂದು ನನ್ನ ತಂಗಿಯ ಮೊಮ್ಮಗಳಿಗೆ ನೃತ್ಯದ ಉಡುಪನ್ನು ಹೊಲಿಯಿಸುತ್ತಿದ್ದರು. ಡೊಂಬಿವಲಿಯ ಆ ದರ್ಜಿ ಎರಡು ಸಲ ಅಳತೆ ತೆಗೆದುಕೊಂಡು, ಹುಡುಗಿಯ ಬಲ ಹೆಗಲು ಮೇಲಿದೆ, ರವಿಕೆ ಎರಡೂ ಕಡೆ ಒಂದೇ ಸಮ ಕೂಡುತ್ತಿಲ್ಲ ಎಂದನಂತೆ. ಹುಡುಗಿಯ ತಾಯಿಗೆ ಸಿಟ್ಟು ಬಂದಿತು. ತಾನು ಬಟ್ಟೆ ಕೆಡಿಸಿ ಮಗುವಿನ ಮೈಯ ಮೇಲೆ ದೂರು ಹೊರಿಸುತ್ತಾನೆಂದು ಅವನನ್ನು ಗದರಿಸಿ, ಉಡುಪನ್ನು ಬೇರೊಬ್ಬನಲ್ಲಿ ಸರಿಪಡಿಸಿಕೊಂಡಳು. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ಕುಳಿತು ಆ ನೃತ್ಯವನ್ನು ನೋಡಿ ಚಪ್ಪಾಳೆ ತಟ್ಟಿದವರಲ್ಲಿ, ಮೂವತ್ತೈದು ವರ್ಷ ಈ ನಗರದಲ್ಲಿ ವೈದ್ಯವೃತ್ತಿ ನಡೆಸಿದ ನಾನೂ ಒಬ್ಬ. ನನಗೆ ಏನೂ ಕಾಣಲಿಲ್ಲ.

ಒಂದು ವರ್ಷ ಕಳೆದು ದೀಪಾವಳಿಗೆ ತಂಗಿ ಧಾರವಾಡದಿಂದ ಬಂದಿದ್ದಳು. ನರಕಚತುರ್ದಶಿಯ ನಸುಕಿನಲ್ಲಿ ಮೊಮ್ಮಗಳಿಗೆ ಎಣ್ಣೆ ಹಚ್ಚಲು ಕುಳಿತವಳು, ಬೆನ್ನಿನ ಮೇಲೆ ಅಂಗೈ ಇಳಿಸುತ್ತಿದ್ದಂತೆ ತಡೆದು, ಮತ್ತೊಮ್ಮೆ ಇಳಿಸಿ ನೋಡಿ, ಫೋನಿನಲ್ಲಿ ನನ್ನನ್ನು ಎಬ್ಬಿಸಿದಳು. "ಅಣ್ಣಾ, ಈ ಹುಡುಗಿ ಬೆನ್ನು ಒಂದ್ಕಡೆ ಉಬ್ಬೇದ. ಕೈಗೆ ಹತ್ತತದ." ಅಂದು ಮಧ್ಯಾಹ್ನ ಹೋಗಿ ಹುಡುಗಿಯನ್ನು ನಿಲ್ಲಿಸಿ, ಎರಡು ಅಂಗೈಗಳನ್ನು ಜೋಡಿಸಿ, ಮೊಣಕಾಲು ಬಗ್ಗಿಸದೆ ಮುಂದಕ್ಕೆ ಬಾಗಲು ಹೇಳಿದೆ. ಬಲಗಡೆಯ ಪಕ್ಕೆಲುಬುಗಳು ಎಡಗಡೆಗಿಂತ ಒಂದು ಬೆರಳಿನ ದಪ್ಪದಷ್ಟು ಮೇಲೆದ್ದಿದ್ದವು. ಮೂರು ದಿನಗಳ ಮೇಲೆ ತೆಗೆಸಿದ ಕ್ಷ-ಕಿರಣ ಚಿತ್ರದಲ್ಲಿ ಡೊಂಕು 34 ಡಿಗ್ರಿ. ಹುಡುಗಿಗೆ ಆಗ ಹದಿಮೂರು ವರ್ಷ.

ಸಂಪಾದಕರು ಈ ಸಲವೂ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯ ವಿಷಯ ಬರೆಯಿರೆಂದು ಕೇಳಿದ್ದರು. ಅವೆರಡರ ಬಗ್ಗೆ ಈ ಸ್ಮರಣ ಸಂಚಿಕೆಯಲ್ಲಿ ಸಾಕಷ್ಟು ಬಂದಿದೆ; ಓದಿದವರು ಸಿಹಿ ಬಿಟ್ಟದ್ದನ್ನು ಮಾತ್ರ ನಾನು ಕಾಣೆ. ಈ ಬಾರಿ ಬೆನ್ನಿನ ಮಾತನ್ನು ಆಡಲು ಅನುಮತಿ ಬೇಡಿದೆ.

ತನ್ನ ಬೆನ್ನು ತನಗೆ ಕಾಣದು ಎಂಬುದು ಹಳೆಯ ಮಾತು. ಹದಿಹರೆಯದ ಮಗುವಿನ ಬೆನ್ನು ಬೇರೆ ಯಾರಿಗೂ ಕಾಣದು ಎಂಬುದು ಮಹಾನಗರ ಅದಕ್ಕೆ ಸೇರಿಸಿದ ಹೊಸ ಮಾತು. ನಮ್ಮ ಅಜ್ಜಿಯರ ಕಾಲದಲ್ಲಿ ವಾರಕ್ಕೊಮ್ಮೆ ಅಭ್ಯಂಜನ ತಪ್ಪದ ನಿಯಮವಾಗಿತ್ತು. ಮನೆಯ ಪ್ರತಿಯೊಂದು ಮಗುವಿನ ಬೆನ್ನೂ ಹಿರಿಯಳೊಬ್ಬಳ ಅಂಗೈಗೆ ಪರಿಚಿತವಾಗಿತ್ತು. ಇಲ್ಲಿಯ ಎರಡು ಕೋಣೆಯ ಬಿಡಾರದಲ್ಲಿ ತಂದೆ ಲೋಕಲ್ ಗಾಡಿಗೆ ಓಡುತ್ತಾನೆ, ತಾಯಿ ಡಬ್ಬಿ ಕಟ್ಟಿ ತಾನೂ ಕಚೇರಿಗೆ ಹೊರಡುತ್ತಾಳೆ, ಮಗು ಬಾಗಿಲು ಹಾಕಿಕೊಂಡು ತಾನೇ ಸ್ನಾನ ಮುಗಿಸಿ ಶಾಲೆಯ ಬಸ್ಸು ಹತ್ತುತ್ತದೆ. ಹತ್ತು ವರ್ಷ ತುಂಬಿದ ಮಗುವಿಗೆ ಆ ಮರೆ ಬೇಕಾದದ್ದೇ. ಆದರೆ ಬೆನ್ನು ಡೊಂಕಾಗುವ ವಯಸ್ಸು ಆರಂಭವಾಗುವುದೂ ಸರಿಯಾಗಿ ಅಲ್ಲಿಂದಲೇ. ನೋವಿಲ್ಲ, ಜ್ವರವಿಲ್ಲ, ಓಟ ಆಟಗಳಿಗೆ ಅಡ್ಡಿಯಿಲ್ಲ. ನೋಡಬೇಕಾದ ಕಣ್ಣು ಇಲ್ಲದಿರುವಾಗ ಡೊಂಕು ಸದ್ದಿಲ್ಲದೆ ಬೆಳೆಯುತ್ತದೆ.

ಸ್ಕೋಲಿಯೋಸಿಸ್ ಎಂಬುದು ಗ್ರೀಕ್ ಮೂಲದ ಹೆಸರು. ಡೊಂಕು ಎಂದೇ ಅದರ ಅರ್ಥ. ನಿಂತ ಭಂಗಿಯಲ್ಲಿ ತೆಗೆದ ಚಿತ್ರದಲ್ಲಿ ಬೆನ್ನುಮೂಳೆಯು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಬಾಗಿದ್ದರೆ ಆ ಹೆಸರನ್ನು ಕೊಡುವುದು ವಾಡಿಕೆ. ಹದಿಹರೆಯದ ಮಕ್ಕಳಲ್ಲಿ ನೂರಕ್ಕೆ 2-3 ಮಂದಿಯಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬಹುಪಾಲು ಡೊಂಕುಗಳು ಅಲ್ಪವಾಗಿದ್ದು ಅಲ್ಲಿಗೇ ನಿಲ್ಲುತ್ತವೆ. ಅಲ್ಪ ಡೊಂಕು ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮವಾಗಿದ್ದರೂ, ಬೆಳೆದು ದೊಡ್ಡದಾಗುವ ಡೊಂಕು ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಋತುಮತಿಯಾಗುವ ಮುಂಚಿನ ಒಂದೆರಡು ವರ್ಷ, ಮೈ ಸರಸರನೆ ಎತ್ತರಕ್ಕೆ ಏರುವ ಕಾಲವೇ ಡೊಂಕಿಗೂ ಸುಗ್ಗಿಯ ಕಾಲ. ಕಾರಣವೇನೆಂದರೆ ಇಂದಿಗೂ ಪೂರ್ಣ ಉತ್ತರವಿಲ್ಲ. ವಂಶದಲ್ಲಿ ಬರುವ ಪ್ರವೃತ್ತಿಯುಂಟು. 2011ರಲ್ಲಿ ಜಪಾನಿನ ಸಂಶೋಧಕರು ಇದರೊಂದಿಗೆ ನಂಟುಳ್ಳ ಒಂದು ವಂಶವಾಹಿ ಪ್ರದೇಶವನ್ನು ಗುರುತಿಸಿದರು. ಪಾಟಿಚೀಲದ ಭಾರದಿಂದ ಇದು ಹುಟ್ಟುವುದಿಲ್ಲ. ಚೀಲ ಹಗುರವಾಗಿರಲಿ, ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರದಿರಲಿ ಎಂದು 2020ರ ಶಾಲಾಚೀಲ ನೀತಿ ಹೇಳಿದ್ದು ಒಳ್ಳೆಯದೇ. ಆದರೆ ಚೀಲವನ್ನು ಬೈದು ಬೆನ್ನು ನೋಡದೆ ಬಿಡುವ ತಾಯ್ತಂದೆಯರು ಕಳ್ಳನನ್ನು ಬಿಟ್ಟು ದಾರಿಹೋಕನನ್ನು ಹಿಡಿದಂತೆ. ಕೂರುವ ರೀತಿ ಸರಿಯಿಲ್ಲವೆಂದು ಮಗುವನ್ನು ಗದರಿಸುವುದೂ ಅಷ್ಟೇ ನಿರರ್ಥಕ.

ಭಾಗವತದಲ್ಲಿ ಬರುವ ಕುಬ್ಜೆಗೆ ತ್ರಿವಕ್ರೆ ಎಂಬ ಹೆಸರೂ ಉಂಟು, ಮೂರು ಡೊಂಕಿನವಳು. ಪುರಾಣಕಾರರು ಯಾವ ಅರ್ಥದಲ್ಲಿ ಮೂರೆಂದರೋ ನಾನರಿಯೆ. ಆದರೆ ಈ ವ್ಯಾಧಿಯನ್ನು ವರ್ಣಿಸಲು ಅದಕ್ಕಿಂತ ನಿಖರವಾದ ಪದ ವೈದ್ಯಕೋಶದಲ್ಲೂ ಸಿಗಲಿಕ್ಕಿಲ್ಲ. ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು ಒಂದು ಡೊಂಕು. ಬಾಗುವಾಗಲೇ ಒಂದೊಂದು ಬೆನ್ನುಮಣಿಯೂ ತನ್ನ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ, ಹಿಂಡಿದ ಒದ್ದೆ ಬಟ್ಟೆಯ ಹಾಗೆ, ಅದು ಎರಡನೆಯದು. ತಿರುಚಿದ ಮಣಿ ತನಗೆ ಅಂಟಿದ ಪಕ್ಕೆಲುಬನ್ನೂ ಎಳೆದುಕೊಂಡು ಹೋಗುವುದರಿಂದಲೇ ಬೆನ್ನಿನ ಒಂದು ಪಕ್ಕ ಉಬ್ಬುವುದು, ತಂಗಿಯ ಅಂಗೈಗೆ ಸಿಕ್ಕಿದ್ದು ಅದೇ. ಮೂರನೆಯದು ಹಿಂದುಮುಂದಿನದು. ಎದೆಯ ಮಟ್ಟದಲ್ಲಿ ಎಲ್ಲರಿಗೂ ಸಹಜವಾಗಿ ಹಿಂದಕ್ಕಿರುವ ಕಮಾನು ಈ ಮಕ್ಕಳಲ್ಲಿ ಚಪ್ಪಟೆಯಾಗುತ್ತದೆ. ಈ ಮೂರನೆಯ ಡೊಂಕು ಎಷ್ಟು ಮೋಸಗಾರನೆಂದರೆ, ಮಣಿಗಳು ತಿರುಚಿಕೊಂಡಿರುವುದರಿಂದ ಪಕ್ಕದಿಂದ ತೆಗೆದ ಸಾಮಾನ್ಯ ಚಿತ್ರದಲ್ಲಿ ಕಮಾನು ಸರಿಯಾಗಿಯೇ ಇದೆಯೆಂಬ ಭ್ರಮೆ ಹುಟ್ಟುತ್ತದೆ.

ಇಂಥ ತ್ರಿವಕ್ರವನ್ನು ವೈದ್ಯಲೋಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಒಂದು ಸಂಖ್ಯೆಯಲ್ಲಿ ಕಟ್ಟಿಹಾಕಿಕೊಂಡು ಬಂದಿದೆ. 1948ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಜಾನ್ ಕಾಬ್ ಸೂಚಿಸಿದ ಕೋನವದು. ಡೊಂಕಿನ ಮೇಲ್ತುದಿಯಲ್ಲಿ ಅತ್ಯಂತ ವಾಲಿದ ಮಣಿಗೊಂದು ಗೆರೆ, ಕೆಳತುದಿಯಲ್ಲಿ ಅತ್ಯಂತ ವಾಲಿದ ಮಣಿಗೊಂದು ಗೆರೆ, ಎರಡರ ನಡುವಿನ ಕೋನ ಇಷ್ಟು. ಸರಳ, ಅಗ್ಗ, ಎಲ್ಲೆಡೆ ಒಂದೇ. ಅದರಿಂದಾದ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನ. ಆದರೂ ಅದು ನೆರಳಿನ ಅಳತೆ. ತಿರುವು ಮೆಟ್ಟಿಲನ್ನು ಗೋಡೆಯ ಮೇಲೆ ಬಿದ್ದ ಅದರ ನೆರಳಿನಿಂದ ಅಳೆದರೆ ಮೆಟ್ಟಿಲು ಎಷ್ಟು ಸುತ್ತು ಸುತ್ತಿದೆ ಎಂದು ತಿಳಿದೀತೆ? ಅಳೆಯುವ ಇಬ್ಬರು ವೈದ್ಯರ ನಡುವೆಯೇ 5 ಡಿಗ್ರಿಯಷ್ಟು ವ್ಯತ್ಯಾಸ ಬರುವುದುಂಟು. ಹೀಗಿದ್ದೂ, ಆರು ತಿಂಗಳ ನಂತರದ ಚಿತ್ರದಲ್ಲಿ 3 ಡಿಗ್ರಿ ಹೆಚ್ಚಿತೆಂದು ಮನೆಯಲ್ಲಿ ಅಡುಗೆ ಮಾಡದೆ ಕುಳಿತ ತಾಯಿಯರನ್ನು ನಾನು ಕಂಡಿದ್ದೇನೆ, 3 ಇಳಿಯಿತೆಂದು ದೇವರಿಗೆ ಹರಕೆ ಸಲ್ಲಿಸಿದವರನ್ನೂ ಕಂಡಿದ್ದೇನೆ.

ನೆರಳನ್ನು ನಂಬಿದ್ದರ ಬೆಲೆಯನ್ನು ಶಸ್ತ್ರಚಿಕಿತ್ಸೆಯ ಇತಿಹಾಸ ತೆತ್ತಿದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಪಾಲ್ ಹ್ಯಾರಿಂಗ್ಟನ್, ಪೋಲಿಯೋದಿಂದ ಬೆನ್ನು ಕುಸಿದ ಮಕ್ಕಳಿಗಾಗಿ ರೂಪಿಸಿದ ಉಕ್ಕಿನ ಸರಳನ್ನು 1962ರಲ್ಲಿ ಲೋಕಕ್ಕೆ ವಿವರಿಸಿದ. ಡೊಂಕಿನ ಎರಡು ತುದಿಗಳಿಗೆ ಕೊಕ್ಕೆ ಹಾಕಿ ಜಗ್ಗಿ ನೆಟ್ಟಗೆ ಮಾಡುವ ವಿಧಾನ. ಎದುರಿನಿಂದ ತೆಗೆದ ಚಿತ್ರದಲ್ಲಿ ಫಲ ಅದ್ಭುತವಾಗಿತ್ತು. ಆದರೆ ಜಗ್ಗಿದ ಸರಳು ಸೊಂಟದ ಸಹಜ ಕಮಾನನ್ನೂ ಚಪ್ಪಟೆ ಮಾಡಿತು. ವರ್ಷಗಳು ಉರುಳಿದಂತೆ ಹಲವರು ಮುಂದಕ್ಕೆ ವಾಲಿ, ಮೊಣಕಾಲು ಬಗ್ಗಿಸಿ ನಿಲ್ಲಬೇಕಾದ ಅವಸ್ಥೆಗೆ ಬಂದರು. ಚಿತ್ರ ನೇರವಾಗಿತ್ತು, ಮನುಷ್ಯ ನೇರವಾಗಿರಲಿಲ್ಲ. 1980ರ ದಶಕದಲ್ಲಿ ಫ್ರಾನ್ಸಿನ ಈವ್ ಕೊತ್ರೆಲ್ ಮತ್ತು ಝಾನ್ ದ್ಯೂಬುಸೆ ಮೂರೂ ಆಯಾಮಗಳಲ್ಲಿ ಸರಿಪಡಿಸುವ ಸಲಕರಣೆಯನ್ನು ತಂದ ಮೇಲೆ ಈ ಪಾಠ ಎಲ್ಲರಿಗೂ ಮನದಟ್ಟಾಯಿತು.

ಇದೇ ದ್ಯೂಬುಸೆ ಹೇಳಿದ ಇನ್ನೊಂದು ವಿಚಾರ ನನಗೆ ಬಹಳ ಪ್ರಿಯವಾದದ್ದು. ನಿಂತ ಮನುಷ್ಯನು ಪಾದಗಳನ್ನು ತುದಿಯಾಗಿ ಉಳ್ಳ, ಮೇಲಕ್ಕೆ ಅಗಲವಾಗುವ ಒಂದು ಕಾಣದ ಶಂಕುವಿನೊಳಗೆ ಸದಾ ಅಲ್ಪಸ್ವಲ್ಪ ಓಲಾಡುತ್ತಿರುತ್ತಾನೆ. ಆ ಶಂಕುವಿನ ನಡುವೆ ಇರುವವರೆಗೆ ಸ್ನಾಯುಗಳಿಗೆ ಶ್ರಮ ಕಡಿಮೆ. ಅಂಚಿಗೆ ಸರಿದಷ್ಟೂ ಬರಿಯ ನಿಲ್ಲುವುದಕ್ಕೇ ಶಕ್ತಿ ಖರ್ಚಾಗುತ್ತದೆ. ನಿಲುವೆಂಬುದು ಕಂಬದಂತೆ ಸ್ಥಿರವಾದದ್ದಲ್ಲ, ಕ್ಷಣಕ್ಷಣವೂ ಸಂಪಾದಿಸಬೇಕಾದದ್ದು. ಇಲ್ಲಿನ ಗವಂಡಿಗಳು ಗೋಡೆ ಏರಿಸುವಾಗ ಓಳಂಬಾ ಇಳಿಬಿಡುವುದನ್ನು ನೋಡಿದ್ದೀರಿ. ಮಗುವಿನ ಕತ್ತಿನ ಬುಡದ ಮೂಳೆಯಿಂದ ಹಾಗೊಂದು ತೂಗುಗುಂಡು ಇಳಿಬಿಟ್ಟರೆ ದಾರ ಸೊಂಟದ ಹಿಂಬದಿಯ ನಡುವಿಗೆ ಬರಬೇಕು. ಎರಡು ಕಡೆ ಎದುರುಬದುರಾಗಿ ಬಾಗಿದ 40 ಡಿಗ್ರಿಯ ಬೆನ್ನಿನಲ್ಲೂ ಕೆಲವೊಮ್ಮೆ ದಾರ ನಡುವಿಗೇ ಬರುತ್ತದೆ. ಒಂದೇ ಕಡೆ ಬಾಗಿದ 30 ಡಿಗ್ರಿಯ ಬೆನ್ನಿನಲ್ಲಿ ಎರಡು ಬೆರಳು ಆಚೆ ಹೋಗಬಹುದು. ಕೋನದ ಸಂಖ್ಯೆಯನ್ನಷ್ಟೇ ಕೇಳಿಕೊಂಡು ಬಂದವರಿಗೆ ಈ ಎರಡನೆಯ ಮಗುವಿನ ಕಷ್ಟ ತಿಳಿಯುವುದೇ ಇಲ್ಲ.

ಬೇಲೂರಿನ ಮದನಿಕೆಯರೂ ಕೊರಳು, ನಡು, ಮೊಣಕಾಲುಗಳಲ್ಲಿ ಮೂರು ಕಡೆ ಬಳುಕಿ ನಿಂತವರೇ. ನಮ್ಮ ಹುಡುಗಿ ಕಲಿತ ನೃತ್ಯದಲ್ಲೂ ಆ ಭಂಗಿಯುಂಟು. ಬೇಕೆಂದಾಗ ಬಳುಕಿ, ಬೇಡವೆಂದಾಗ ನೆಟ್ಟಗಾಗುವುದು ಕಲೆ. ಹಿಂದಿರುಗಲಾರದ ಬಾಗು ವ್ಯಾಧಿ. ಈ ಎರಡರ ನಡುವಣ ಗೆರೆಯನ್ನು ಆ ಮಗುವೇ ಒಂದು ದಿನ ನನಗೆ ತೋರಿಸಿಕೊಟ್ಟಿತು. ಕನ್ನಡಿಯ ಮುಂದೆ ನಿಲ್ಲಿಸಿ, ನನ್ನ ಕೈಯಿಂದಲೇ ಭುಜಗಳನ್ನು ಸಮ ಮಾಡಿ, "ಈಗ ನೆಟ್ಟಗಿದ್ದೀಯ" ಎಂದೆ. "ಅಜ್ಜಾ, ಈಗ ಎಡಕ್ಕೆ ಬಿದ್ದುಬಿಡ್ತೀನಿ ಅನಸ್ತದ" ಎಂದಳು. ಕಣ್ಣು, ಒಳಗಿವಿ, ಸ್ನಾಯು-ಕೀಲುಗಳಿಂದ ಬರುವ ಸುದ್ದಿ, ಈ ಮೂರನ್ನೂ ಕೂಡಿಸಿ ಮಿದುಳು ಸಮತೋಲವನ್ನು ಲೆಕ್ಕ ಹಾಕುತ್ತದೆ. ಡೊಂಕಿನೊಂದಿಗೆ ಬೆಳೆದ ಮಿದುಳು ಡೊಂಕನ್ನೇ ನೇರವೆಂದು ಲೆಕ್ಕಕ್ಕೆ ಹಿಡಿದಿತ್ತು. ಒತ್ತಡವನ್ನು ಅಳೆಯುವ ಹಲಗೆಯ ಮೇಲೆ ಇಂಥ ಮಕ್ಕಳನ್ನು ನಿಲ್ಲಿಸಿದಾಗ ಓರಗೆಯವರಿಗಿಂತ ಹೆಚ್ಚು ಓಲಾಡುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಸಮತೋಲದ ದೋಷದಿಂದ ಡೊಂಕೋ, ಡೊಂಕಿನಿಂದ ಸಮತೋಲದ ದೋಷವೋ ಎಂಬ ವಾದ ಮಾತ್ರ ಬೀಜ-ವೃಕ್ಷದ ವಾದದಂತೆ ಮುಗಿದಿಲ್ಲ.

ಹಾಗಾದರೆ ಈ ನಿಲುವನ್ನು ಮೂರು ಆಯಾಮಗಳಲ್ಲಿ ನೋಡುವುದು ಹೇಗೆ? ಸಿ.ಟಿ. ಯಂತ್ರ ಮೂಳೆಯನ್ನು ಸೊಗಸಾಗಿ ತೋರಿಸುತ್ತದೆ, ಆದರೆ ಮಗುವನ್ನು ಮಲಗಿಸಿಕೊಂಡು. ಮಲಗಿದೊಡನೆ ದೇಹದ ಭಾರ ಇಳಿದು ಡೊಂಕಿನ ಅಳತೆಯೇ ಬದಲಾಗುತ್ತದೆ. ಮೇಲಾಗಿ ಕಿರಣದ ಪ್ರಮಾಣ ಬಹಳ. ಎಂ.ಆರ್.ಐ.ಗೆ ಕಿರಣವಿಲ್ಲದಿದ್ದರೂ ಸಾಮಾನ್ಯವಾಗಿ ಅಲ್ಲೂ ಮಲಗಲೇಬೇಕು. ಈ ಗಂಟನ್ನು ಬಿಡಿಸಿದ್ದು ವೈದ್ಯನಲ್ಲ, ಭೌತವಿಜ್ಞಾನಿ. ಪೋಲೆಂಡಿನಲ್ಲಿ ಹುಟ್ಟಿ, ಫ್ರಾನ್ಸಿಗೆ ವಲಸೆ ಬಂದು, ಯುದ್ಧಕಾಲದಲ್ಲಿ ನಾಜಿಗಳ ಡಾಖೌ ಶಿಬಿರದಲ್ಲಿ ಸೆರೆಯಿದ್ದು ಬದುಕಿ ಉಳಿದ ಜಾರ್ಜ್ ಶರ್ಪಾಕ್, ಪರಮಾಣುವಿನ ಕಣಗಳನ್ನು ಹಿಡಿಯುವ ಪತ್ತೆಯಂತ್ರವೊಂದನ್ನು 1968ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ರಚಿಸಿದ; ಅದಕ್ಕಾಗಿ 1992ರ ನೊಬೆಲ್ ಪಾರಿತೋಷಕ ಪಡೆದ. ಅಂಥ ಸೂಕ್ಷ್ಮ ಪತ್ತೆಯಂತ್ರದಿಂದಲೇ ಈಯಾಸ್ ಎಂಬ ಬೆನ್ನಿನ ಚಿತ್ರಯಂತ್ರ ಹುಟ್ಟಿತು. ಮಗು ಒಂದು ಕಪಾಟಿನಂಥ ಜಾಗದಲ್ಲಿ ನಿಲ್ಲುತ್ತದೆ. ಒಂದಕ್ಕೊಂದು ಲಂಬವಾಗಿರುವ ಎರಡು ತೆಳುವಾದ ಕಿರಣಪಟ್ಟಿಗಳು ತಲೆಯಿಂದ ಪಾದದವರೆಗೆ ಒಟ್ಟಿಗೇ ಇಳಿಯುತ್ತವೆ. ಅರ್ಧ ನಿಮಿಷವೂ ಹಿಡಿಯದು. ಎದುರಿನ ಮತ್ತು ಪಕ್ಕದ ಚಿತ್ರಗಳು ಒಂದೇ ಗಳಿಗೆಯವಾದ್ದರಿಂದ ಗಣಕಯಂತ್ರ ಅವೆರಡನ್ನೂ ಹೊಂದಿಸಿ ಬೆನ್ನುಮೂಳೆಯ ಮೂರು ಆಯಾಮದ ಪ್ರತಿರೂಪವನ್ನು ಕಟ್ಟಿಕೊಡುತ್ತದೆ.

ಅದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಮೇಲಿನಿಂದ ಕೆಳಕ್ಕೆ ನೋಡುವ ನೋಟ. ಬೆನ್ನಿನ ತಲೆಯ ಮೇಲೆ ನಿಂತು ಬಾವಿಗೆ ಇಣುಕಿದಂತೆ ನೋಡಿದರೆ, ಒಂದರ ಮೇಲೊಂದು ಕೂತಿರಬೇಕಾದ ಮಣಿಗಳು ಹೇಗೆ ಪಕ್ಕಕ್ಕೆ ಸರಿದು, ಹೇಗೆ ಮುಖ ತಿರುಗಿಸಿವೆ, ಸೊಂಟದ ಕಟ್ಟು ಯಾವ ಕಡೆ ತಿರುಗಿದೆ, ತಲೆ ಅದರ ಮೇಲೆ ಇದೆಯೋ ಇಲ್ಲವೋ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಯಾವ ತಾಯಿಯೂ, ಯಾವ ವೈದ್ಯನೂ ತನ್ನ ಬರಿಗಣ್ಣಿನಿಂದ ಮಗುವಿನ ಬೆನ್ನನ್ನು ಈ ದಿಕ್ಕಿನಿಂದ ಕಂಡಿರಲಿಲ್ಲ.

ಇನ್ನೊಂದು ಲಾಭ ಕಿರಣದ ಮಿತವ್ಯಯ. ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಬೆನ್ನುಡೊಂಕಿನ ಮಗು ಬೆಳವಣಿಗೆ ಮುಗಿಯುವವರೆಗೆ ಆರಾರು ತಿಂಗಳಿಗೊಮ್ಮೆ ಚಿತ್ರ ತೆಗೆಸಬೇಕಾಗುತ್ತದೆ. ಅದೂ ಸ್ತನಗಳು ರೂಪುಗೊಳ್ಳುವ ವಯಸ್ಸಿನಲ್ಲಿ. ಅಮೆರಿಕದಲ್ಲಿ 1912ರಿಂದ 1965ರ ನಡುವೆ ಬೆನ್ನುಡೊಂಕೆಂದು ಗುರುತಿಸಲ್ಪಟ್ಟ 5,573 ಸ್ತ್ರೀಯರ ಜೀವನವನ್ನು ಹಿಂಬಾಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರಿಗೆ ಸರಾಸರಿ 25ರಷ್ಟು ಚಿತ್ರಗಳನ್ನು ತೆಗೆಯಲಾಗಿತ್ತು. ಸ್ತನದ ಅರ್ಬುದದಿಂದ ಸತ್ತವರ ಸಂಖ್ಯೆ ನಿರೀಕ್ಷೆಗಿಂತ ನೂರಕ್ಕೆ 70ರಷ್ಟು ಹೆಚ್ಚಾಗಿತ್ತು. ಇದನ್ನೋದಿ ಯಾರೂ ಗಾಬರಿಬಿದ್ದು ಚಿತ್ರವನ್ನೇ ನಿರಾಕರಿಸಬಾರದು. ಆ ಕಾಲದ ಯಂತ್ರಗಳು ಕೊಡುತ್ತಿದ್ದ ಕಿರಣ ಇಂದಿನದಕ್ಕಿಂತ ಬಹಳ ಪಾಲು ಹೆಚ್ಚು. ಈಯಾಸ್‌ನಂಥ ಯಂತ್ರವಾದರೆ ಇಂದಿನ ಸಾಮಾನ್ಯ ಚಿತ್ರಕ್ಕಿಂತಲೂ ಹಲವು ಪಾಲು ಕಡಿಮೆ. ಅದು ಸಿಗದ ಕಡೆ ಒಂದು ಸುಲಭೋಪಾಯವುಂಟು: ಕಿರಣ ಎದೆಯ ಕಡೆಯಿಂದ ಬಾರದೆ ಬೆನ್ನಿನ ಕಡೆಯಿಂದ ಹೋಗುವಂತೆ ಮಗುವನ್ನು ನಿಲ್ಲಿಸಬೇಕು. ಇಷ್ಟರಿಂದಲೇ ಸ್ತನಗಳಿಗೆ ತಗಲುವ ಪಾಲು ಬಹುವಾಗಿ ಇಳಿಯುತ್ತದೆ, ಒಂದು ಕಾಸೂ ಹೆಚ್ಚು ಬೀಳುವುದಿಲ್ಲ. ಈ ಮಾತನ್ನು ತಾಯ್ತಂದೆಯರು ಚಿತ್ರಶಾಲೆಯಲ್ಲಿ ಸಂಕೋಚವಿಲ್ಲದೆ ಕೇಳಬೇಕು. ಹಳೆಯ ಚಿತ್ರಗಳನ್ನು ಕಾಪಾಡಿಟ್ಟುಕೊಂಡು ಒಯ್ಯಬೇಕು. ವೈದ್ಯರನ್ನು ಬದಲಾಯಿಸಿದಾಗಲೆಲ್ಲ ಹೊಸ ಚಿತ್ರ ತೆಗೆಸುವ ಚಟ ನಮ್ಮ ಮಹಾನಗರಗಳಲ್ಲಿ ಬೇರೂರಿದೆ. ಅದರಲ್ಲಿ ವೈದ್ಯರ ಪಾಲೂ ಇದೆಯೆಂದು ನಾನು ಒಪ್ಪಿಕೊಳ್ಳಲೇಬೇಕು.

ಕಿರಣವೇ ಇಲ್ಲದ ದಾರಿಯೂ ಒಂದಿದೆ. ಸೊಳ್ಳೆಪರದೆಯ ಎರಡು ಪದರಗಳು ಒಂದರ ಮೇಲೊಂದು ಬಿದ್ದಾಗ ಅಲೆಅಲೆಯಾದ ವಿನ್ಯಾಸ ಮೂಡುವುದನ್ನು ಯಾರು ನೋಡಿಲ್ಲ? 1970ರಲ್ಲಿ ಜಪಾನಿನ ಟಾಕಾಸಾಕಿ ಎಂಬ ವಿಜ್ಞಾನಿ ಇದೇ ತತ್ವದಿಂದ ಮೈಯ ಉಬ್ಬುತಗ್ಗುಗಳ ನಕ್ಷೆ ತೆಗೆಯುವ ವಿಧಾನವನ್ನು ಪ್ರಕಟಿಸಿದ. ಭೂಪಟದಲ್ಲಿ ಬೆಟ್ಟದ ಸುತ್ತ ಗೆರೆಗಳಿರುವಂತೆ ಬೆನ್ನಿನ ಮೇಲೆ ಗೆರೆಗಳು. ಎಡಬಲಗಳ ಗೆರೆ ಹೊಂದದಿದ್ದರೆ ಸಂಶಯ. ಆ ದೇಶದ ಶಾಲೆಗಳ ತಪಾಸಣೆಯಲ್ಲಿ ಅದು ಬಳಕೆಗೆ ಬಂದಿತು. 1980ರ ದಶಕದಲ್ಲಿ ಜರ್ಮನಿಯ ಮ್ಯೂನ್ಸ್ಟರಿನ ಸಂಶೋಧಕರು ಬೆನ್ನಿನ ಮೇಲೆ ಬೆಳಕಿನ ಪಟ್ಟೆಗಳನ್ನು ಬೀರಿ, ಬೇರೊಂದು ಕೋನದಿಂದ ಕ್ಯಾಮೆರಾದಲ್ಲಿ ಹಿಡಿದು, ಪಟ್ಟೆ ಎಲ್ಲಿ ಎಷ್ಟು ಬಾಗಿತೆಂಬುದರಿಂದ ಬೆನ್ನಿನ ಪೂರ್ಣ ಆಕಾರವನ್ನು ಲೆಕ್ಕ ಹಾಕುವ ಕ್ರಮವನ್ನು ಸಿದ್ಧಪಡಿಸಿದರು. ಇಂದು ಕೆಲವು ಸೆಕೆಂಡುಗಳಲ್ಲಿ ಮುಗಿಯುವ ಕೆಲಸ. ದೇಹ ಎತ್ತ ವಾಲಿದೆ, ಸೊಂಟ ಸಮವಾಗಿದೆಯೇ, ಬೆನ್ನಿನ ಮೇಲ್ಮೈ ಎಷ್ಟು ತಿರುಚಿದೆ, ಎಲ್ಲವೂ ತಿಳಿಯುತ್ತದೆ. ವರ್ಷಕ್ಕೆ ಹತ್ತು ಸಲ ನೋಡಿದರೂ ಹಾನಿಯಿಲ್ಲ.

ಆದರೆ ಬೆಳಕು ಚರ್ಮದವರೆಗೆ ಮಾತ್ರ. ಒಳಗಿನ ಮೂಳೆಯನ್ನು ಅದು ಊಹಿಸುತ್ತದೆಯೇ ಹೊರತು ನೋಡುವುದಿಲ್ಲ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಊಹೆ ಇನ್ನಷ್ಟು ಸಡಿಲ. ಬ್ರೇಸ್ ಹಾಕಬೇಕೆ, ಶಸ್ತ್ರಚಿಕಿತ್ಸೆ ಬೇಕೆ ಎಂಬ ನಿರ್ಣಯಕ್ಕೆ ಕ್ಷ-ಕಿರಣ ಚಿತ್ರ ಇಂದಿಗೂ ಅನಿವಾರ್ಯ. ಈ ಮಿತಿಯನ್ನು ಮುಚ್ಚಿಟ್ಟು ವ್ಯಾಪಾರ ಮಾಡುವವರಿದ್ದಾರೆ. ನಮ್ಮ ಹುಡುಗಿಯನ್ನು ಒಂದು ಕಡೆ ಕರೆದೊಯ್ದಾಗ, ಬೆನ್ನಿನ ಆಕಾರವನ್ನು ಕೆಂಪು ಹಳದಿ ನೀಲಿ ಬಣ್ಣಗಳಲ್ಲಿ ತೆರೆಯ ಮೇಲೆ ಮೂಡಿಸಿ, ಗಿರಗಿರನೆ ತಿರುಗಿಸಿ ತೋರಿಸಿ, ಇಪ್ಪತ್ತು ಬಾರಿಯ ಚಿಕಿತ್ಸೆಗೆ ಮುಂಗಡ ಹಣ ಕಟ್ಟಿದರೆ ಕೆಂಪೆಲ್ಲ ನೀಲಿಯಾಗುವುದೆಂದು ಆಶ್ವಾಸನೆ ಕೊಟ್ಟರು. ಆ ಮಗುವಿಗೆ ಬೆಳವಣಿಗೆ ಎಷ್ಟು ಉಳಿದಿದೆ ಎಂದು ಒಂದು ಮಾತೂ ಕೇಳಲಿಲ್ಲ. ಚಿಕಿತ್ಸೆಯ ದಾರಿ ನಿರ್ಧಾರವಾಗುವುದು ಬಹುಪಾಲು ಆ ಒಂದು ಪ್ರಶ್ನೆಯಿಂದಲೇ. ಬಣ್ಣದ ಚಿತ್ರ ಕಂಡೊಡನೆ ವಿದ್ಯಾವಂತರೂ ಮರುಳಾಗುತ್ತಾರೆ; ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಹುಡುಗಿಯ ತಂದೆ ಹಣ ತೆಗೆಯಲು ಕೈ ಜೇಬಿಗೆ ಹಾಕಿಯೇ ಬಿಟ್ಟಿದ್ದ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೂರು ಆಯಾಮದ ಚಿತ್ರ ಬೇಕು, ಆದರೆ ಅದರ ಸ್ಥಾನ ಎರಡನೆಯದು. ಮೊದಲ ಸ್ಥಾನ ಮಗುವನ್ನು ಮುಂದಕ್ಕೆ ಬಾಗಿಸಿ ನೋಡುವ ಆ ಅರ್ಧ ನಿಮಿಷಕ್ಕೆ. 1865ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಆಡಮ್ಸ್ ವಿವರಿಸಿದ ಪರೀಕ್ಷೆಯದು. ಅದನ್ನು ಹಳತಾಗಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಬಾಗಿದ ಬೆನ್ನಿನ ಮೇಲೆ ಅಡ್ಡಲಾಗಿ ಇಡುವ ಸ್ಕೋಲಿಯೋಮೀಟರ್ ಎಂಬ ಸಾಧನವನ್ನು 1984ರಲ್ಲಿ ಬನ್ನೆಲ್ ಎಂಬ ವೈದ್ಯ ವಿವರಿಸಿದ. ಗಾರೆಕೆಲಸದವರ ರಸಮಟ್ಟದ ತಮ್ಮನೆಂದು ತಿಳಿಯಿರಿ. ಅದು 7 ಡಿಗ್ರಿಗೆ ಮೀರಿ ತೋರಿಸಿದರೆ ಮೂಳೆ ವೈದ್ಯರ ಬಳಿ ಹೋಗಬೇಕು. ಶಾಲೆಗಳಲ್ಲಿ ಎಲ್ಲ ಮಕ್ಕಳನ್ನೂ ಹೀಗೆ ತಪಾಸಿಸಬೇಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಭೇದಾಭಿಪ್ರಾಯವಿದೆ. ಜಪಾನ್, ಹಾಂಗ್‌ಕಾಂಗ್‌ಗಳು ಮಾಡುತ್ತ ಬಂದಿವೆ. ಅಮೆರಿಕದ ರೋಗನಿವಾರಣಾ ಮಂಡಲಿ 2004ರಲ್ಲಿ ಬೇಡವೆಂದು ಹೇಳಿ, 2018ರಲ್ಲಿ ಆ ಮಾತನ್ನು ಹಿಂತೆಗೆದು, ಬೇಕೆನ್ನಲೂ ಬೇಡವೆನ್ನಲೂ ಪುರಾವೆ ಸಾಲದೆಂದಿತು. ಅನವಶ್ಯಕವಾಗಿ ಸಾವಿರಾರು ಮಕ್ಕಳು ಕಿರಣಕ್ಕೆ ಒಳಗಾಗುವರೆಂಬ ಅಳುಕು ವಿರೋಧಿಗಳದು. ಬೆಳಕಿನ ಯಂತ್ರಕ್ಕೆ ನಿಜವಾದ ಕೆಲಸವಿರುವುದು ಇಲ್ಲಿಯೇ. ಸಂಶಯ ಬಂದ ಮಕ್ಕಳನ್ನು ಮೊದಲು ಬೆಳಕಿನಲ್ಲಿ ಸೋಸಿ, ಉಳಿದವರನ್ನು ಮಾತ್ರ ಕಿರಣಕ್ಕೆ ಕಳುಹಿಸಬಹುದು. ಬಣ್ಣ ತೋರಿಸಿ ಹಣ ಕೀಳುವವರ ಕೈಯಿಂದ ಆ ಯಂತ್ರವನ್ನು ಬಿಡಿಸಿ ಸಾರ್ವಜನಿಕ ಆಸ್ಪತ್ರೆಗೆ, ಶಾಲೆಯ ಆರೋಗ್ಯ ತಂಡಕ್ಕೆ ಕೊಡಬೇಕೆಂಬುದು ನನ್ನ ವಾದ.

ಬೇಗ ಕಂಡರೆ ಫಲವೇನೆಂದು ಕೇಳಬಹುದು. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾಗಳ ಪರೀಕ್ಷೆಯಲ್ಲಿ, ಬ್ರೇಸ್ ಎಂಬ ಪ್ಲಾಸ್ಟಿಕ್ ಕವಚ ತೊಟ್ಟ ಮಕ್ಕಳಲ್ಲಿ ನೂರಕ್ಕೆ 72 ಮಂದಿ, ಬರಿಯ ಕಾದು ನೋಡಿದವರಲ್ಲಿ 48 ಮಂದಿ ಶಸ್ತ್ರಚಿಕಿತ್ಸೆಯ ಗಡಿಯಾದ 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಫಲ ಇಷ್ಟು ಸ್ಪಷ್ಟವಾದ ಕಾರಣ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ದಿನಕ್ಕೆ ಸುಮಾರು 13 ಗಂಟೆಗೆ ಮೀರಿ ತೊಟ್ಟವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಫಲ ಸಿಕ್ಕಿತು. ಆದರೆ ಬೆಳವಣಿಗೆ ಮುಗಿದ ಮೇಲೆ ಬ್ರೇಸಿನಿಂದ ಪ್ರಯೋಜನವಿಲ್ಲ. ಏಪ್ರಿಲ್-ಮೇ ತಿಂಗಳ ಮುಂಬಯಿಯ ಸೆಖೆಯಲ್ಲಿ, ನೀರಿಳಿಯುವ ಮೈಗೆ ಗಟ್ಟಿ ಪ್ಲಾಸ್ಟಿಕ್ ಬಿಗಿದುಕೊಂಡು ಶಾಲೆಗೆ ಹೋಗುವುದೆಂದರೆ ಏನೆಂಬುದನ್ನು ಆ ಅಧ್ಯಯನ ಬರೆದವರು ಅರಿಯರು. ನಮ್ಮ ಹುಡುಗಿ ಮೊದಲ ತಿಂಗಳು ಪ್ರತಿ ರಾತ್ರಿ ಅತ್ತಳು. ಎರಡನೆಯ ತಿಂಗಳಲ್ಲಿ ಒಳಗೆ ಹಾಕುವ ಹತ್ತಿಯ ಬನಿಯನ್ನನ್ನು ಮಧ್ಯಾಹ್ನ ಒಮ್ಮೆ ಬದಲಿಸಿಕೊಳ್ಳಲು ಶಾಲೆಯವರು ಒಂದು ಕೋಣೆ ಕೊಟ್ಟರು. ಅಷ್ಟರಿಂದಲೇ ದಿನಕ್ಕೆ ನಾಲ್ಕು ತಾಸು ಹೆಚ್ಚು ತೊಡುವಂತಾಯಿತು.

ಅಳುವಿಗಿಂತ ಕಠಿಣವಾದದ್ದು ಹಿರಿಯರ ಪಿಸುಮಾತು. ಯಾರಿಗೂ ಹೇಳಬೇಡಿ, ನಾಳೆ ಸಂಬಂಧ ಕೂಡುವಾಗ ತೊಡಕಾದೀತು ಎಂದು ಹುಡುಗಿಯ ತಾಯಿಗೆ ಬುದ್ಧಿ ಹೇಳಿದವರು ನಮ್ಮ ಸಂಘದ ಸದಸ್ಯರೇ. ಈ ಭಯದಿಂದ ಮುಚ್ಚಿಟ್ಟ ಬೆನ್ನುಗಳು ಎಷ್ಟೋ! ಅಮೆರಿಕದ ಅಯೋವಾದಲ್ಲಿ ಯಾವ ಚಿಕಿತ್ಸೆಯನ್ನೂ ಪಡೆಯದ ಬೆನ್ನುಡೊಂಕಿನವರನ್ನು 50 ವರ್ಷ ಹಿಂಬಾಲಿಸಿ 2003ರಲ್ಲಿ ಫಲವನ್ನು ಪ್ರಕಟಿಸಿದರು. ಬೆನ್ನುನೋವು ಉಳಿದವರಿಗಿಂತ ಹೆಚ್ಚು. ಎದೆಯ ಭಾಗದ ದೊಡ್ಡ ಡೊಂಕಿನವರಲ್ಲಿ ಕೆಲವರಿಗೆ ಉಬ್ಬಸ. ದೇಹದ ಆಕಾರದ ಬಗ್ಗೆ ಕೊರಗು. ಇವನ್ನು ಬಿಟ್ಟರೆ ಬಹುಪಾಲು ಜನ ದುಡಿದು, ಸಂಸಾರ ಮಾಡಿ, ವೃದ್ಧಾಪ್ಯ ಮುಟ್ಟಿದ್ದರು. ಬೆನ್ನುಡೊಂಕು ತಾಯ್ತನಕ್ಕೆ ಸಾಮಾನ್ಯವಾಗಿ ಅಡ್ಡಿಯಲ್ಲ. ವರನ ಕಡೆಯವರಿಗೆ ಹೆದರಿ ಹದಿಮೂರರಲ್ಲಿ ಮುಚ್ಚಿಟ್ಟ 30 ಡಿಗ್ರಿ, ಹದಿನಾರರಲ್ಲಿ 50 ಆಗಿ ತಾನೇ ತಾನಾಗಿ ಹೊರಬೀಳುತ್ತದೆ. ಆಗ ಮುಚ್ಚಲು ಸೆರಗೂ ಸಾಲದು.

ಆದುದರಿಂದ ನಮ್ಮ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ಪ್ರತಿವರ್ಷದ ಆರೋಗ್ಯ ಶಿಬಿರದಲ್ಲಿ ನಾವು ಹಿರಿಯರ ಸಾಲು ಹಚ್ಚಿ ರಕ್ತ ತೆಗೆಯುತ್ತೇವೆ. ಮಕ್ಕಳು ಹೊರಗೆ ಚಿತ್ರಸ್ಪರ್ಧೆಯಲ್ಲಿರುತ್ತಾರೆ. ಈ ಸಲ ಹತ್ತರಿಂದ ಹದಿನೈದರವರೆಗಿನ ಮಕ್ಕಳಿಗೆ ಪರದೆ ಕಟ್ಟಿದ ಒಂದು ಮೂಲೆ ಇರಲಿ. ಹುಡುಗಿಯರನ್ನು ನೋಡಲು ಮಹಿಳಾ ವೈದ್ಯರೇ ಇರಲಿ, ತಾಯಿ ಜೊತೆಗಿರಲಿ. ಬೇಕಾದ ಸಲಕರಣೆ ಒಂದು ಸ್ಕೋಲಿಯೋಮೀಟರ್, ಒಂದು ದಾರ, ಒಂದು ಗುಂಡು. ನಮ್ಮಲ್ಲಿ ಕಾರ್ಯದರ್ಶಿಗಳ ಸಹಿಯಾಗದೆ ಗುಂಡೂ ಅಲುಗದೆಂದು ಬಲ್ಲೆ. ಆದ್ದರಿಂದ ಸ್ಕೋಲಿಯೋಮೀಟರನ್ನು ನಾನೇ ತರಿಸಿಟ್ಟಿದ್ದೇನೆ.

ಹುಡುಗಿಗೆ ಈಗ ಹದಿನೈದು ತುಂಬಿದೆ. ಕೊನೆಯ ಚಿತ್ರದಲ್ಲಿ 33 ಡಿಗ್ರಿ. ಸೊಂಟದ ಮೂಳೆಯ ಅಂಚಿನಲ್ಲಿ ಬೆಳವಣಿಗೆ ಮುಗಿಯುತ್ತಿರುವ ಗುರುತು ಕಾಣುತ್ತಿದೆ. ಬ್ರೇಸ್ ರಾತ್ರಿಗೆ ಮಾತ್ರ. ತೂಗುಗುಂಡಿನ ದಾರ ಅರ್ಧ ಬೆರಳು ಬಲಕ್ಕೆ ಇಳಿಯುತ್ತದೆ, ಮೊದಲು ಎರಡು ಬೆರಳಿತ್ತು. ಈ ವರ್ಷದ ರಾಜ್ಯೋತ್ಸವಕ್ಕೆ ಮತ್ತೆ ಕುಣಿಯುತ್ತಾಳೆ. ಉಡುಪಿನ ಅಳತೆಗೆ ಅವಳ ತಾಯಿ ಹಳೆಯ ದರ್ಜಿಯ ಬಳಿಗೇ ಹೋಗಿದ್ದಳು. ಅವನು ಏನೂ ಹೇಳಲಿಲ್ಲವಂತೆ. ಬಲ ಹೆಗಲಿಗೆ ಅರ್ಧ ಇಂಚು ಹೆಚ್ಚು ಬಿಟ್ಟು ಕತ್ತರಿಸಿದನಂತೆ.